ಡಿಸ್ಕೊಸೈಕ್ಲಿನಾವನ್ನು ಚಿಪ್ಪು ನೋಡಿ ಗುರುತಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಪುಣೆಯ ಕೋಥ್ರೂಡಿನಲ್ಲಿರುವ ನಮ್ಮ ಮನೆಯ ಬಾಲ್ಕನಿಯಲ್ಲಿ ಒಂದು ದಪ್ಪ ಗಾಜಿನ ಹಲಗೆ, ಕಲ್ಲು ಉಜ್ಜುವ ಕಾರ್ಬೊರಂಡಮ್ ಪುಡಿಯ ಮೂರು ಡಬ್ಬಿ ಮತ್ತು ಒಂದು ಹಳೆಯ ಮೈಕ್ರೊಸ್ಕೋಪು ಇವೆ. ಧಾರವಾಡ, ಬೆಳಗಾವಿ, ಕಲಬುರಗಿ ಕಡೆಯಿಂದ ಇಲ್ಲಿಗೆ ಭೂವಿಜ್ಞಾನ ಓದಲು ಬಂದ ಹುಡುಗ ಹುಡುಗಿಯರು ಭಾನುವಾರ ಬೆಳಿಗ್ಗೆ ಬರುತ್ತಾರೆ, ಚಹಾ ಕುಡಿಯುತ್ತ ಕಲ್ಲು ಉಜ್ಜುತ್ತಾರೆ. ಅವರಿಗೆ ತರಗತಿಯ ಪಾಠವೆಲ್ಲ ಇಂಗ್ಲಿಷಿನಲ್ಲಿ. ಆದರೆ ಕೈಯಲ್ಲಿ ಕಲ್ಲು ಹಿಡಿದಾಗ ಬಾಯಿಂದ ಬರುವ ಪ್ರಶ್ನೆ ಮಾತ್ರ ಕನ್ನಡದ್ದು. ಅಂಥ ಪ್ರಶ್ನೆಗಳಿಗೆ ಕನ್ನಡದಲ್ಲೇ ಉತ್ತರ ಬರೆದಿಡಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ.

ಡಿಸ್ಕೊಸೈಕ್ಲಿನಾ ಅಂದರೆ ಏನು?

ಫೊರಾಮಿನಿಫೆರಾ ಎಂಬ ಏಕಕೋಶ ಜೀವಿಗಳ ದೊಡ್ಡ ಬಳಗದಲ್ಲಿ ಇದೊಂದು ಕುಲ. ಪೇಲಿಯೊಸೀನ್ ಯುಗದ ಕೊನೆಯ ಭಾಗದಲ್ಲಿ ಕಾಣಿಸಿಕೊಂಡು, ಇಯೊಸೀನ್ ಉದ್ದಕ್ಕೂ ಬೆಚ್ಚಗಿನ ಸಮುದ್ರಗಳಲ್ಲಿ ತುಂಬಿಕೊಂಡಿತ್ತು. ಇಯೊಸೀನ್ ಮುಗಿಯುವಾಗ, ಅಂದರೆ ಸುಮಾರು 3.4 ಕೋಟಿ ವರ್ಷಗಳ ಹಿಂದೆ, ಸಂಪೂರ್ಣ ನಿರ್ನಾಮವಾಯಿತು. ಅದರ ಸುಣ್ಣದ ಚಿಪ್ಪು ಚಪ್ಪಟೆ ಬಿಲ್ಲೆಯಂತೆ ಇರುತ್ತದೆ. ಸಾಮಾನ್ಯವಾಗಿ ಕೆಲವು ಮಿಲಿಮೀಟರ್ ಅಗಲ, ದೊಡ್ಡವು ಸೆಂಟಿಮೀಟರ್ ದಾಟುತ್ತವೆ. ಒಂದೇ ಒಂದು ಜೀವಕೋಶ ಸಾವಿರಾರು ಕಿರುಕೋಣೆಗಳ ಇಂಥ ಮನೆ ಕಟ್ಟುತ್ತಿತ್ತು ಎನ್ನುವುದು ನನಗೆ ಇವತ್ತಿಗೂ ಬೆರಗು.

ಹಾಗಾದರೆ ಇದು ಶಂಖ, ಕಪ್ಪೆಚಿಪ್ಪಿನ ಜಾತಿಯೇ?

ಅಲ್ಲ. ಶಂಖದೊಳಗೆ ಇರುವುದು ಬಹುಕೋಶ ಪ್ರಾಣಿ. ಇದು ಅಮೀಬಾದ ಹಾಗೆ ಏಕಕೋಶ ಜೀವಿ, ಆದರೆ ಚಿಪ್ಪುಳ್ಳದ್ದು.

“ಸರ್, ಹೊರಗಿನಿಂದ ನೋಡಿದ್ರ ಗೊತ್ತಾಗೂದಿಲ್ಲೇನ್ರೀ?”

ಎಲ್ಲರೂ ಮೊದಲು ಕೇಳುವುದು ಇದನ್ನೇ. ಸಂಶಯ ಪಡುವಷ್ಟು ಗೊತ್ತಾಗುತ್ತದೆ, ಹೆಸರು ಬರೆಯುವಷ್ಟು ಗೊತ್ತಾಗುವುದಿಲ್ಲ.

ಹೊರಗಿನಿಂದ ಕಾಣುವುದು ಇಷ್ಟು: ಚಪ್ಪಟೆ ಬಿಲ್ಲೆ, ನಡುವೆ ಚಿಕ್ಕ ಉಬ್ಬು, ಅಂಚು ತೆಳ್ಳಗೆ. ಕೆಲವು ಎರಡೂ ಕಡೆ ಸಮನಾಗಿ ಉಬ್ಬಿ ಮಸೂರದಂತೆ ಇರುತ್ತವೆ. ಕೆಲವು ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಸೊಟ್ಟಗೆ, ಕುದುರೆಯ ಜೀನಿನಂತೆ ಬಾಗಿರುತ್ತವೆ. ಹತ್ತು ಪಟ್ಟು ದೊಡ್ಡದು ಮಾಡುವ ಲೆನ್ಸ್ ಹಿಡಿದರೆ ಮೈಮೇಲೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಕಾಣುತ್ತವೆ. ಇವು ಚಿಪ್ಪಿನೊಳಗಿಂದ ಎದ್ದ ಕಂಬಗಳ ತಲೆಗಳು. ಒಂದೊಂದು ಗುಳ್ಳೆಯ ಸುತ್ತಲೂ ಕಿರುಕೋಣೆಗಳ ಗೋಡೆಗಳು ಹೂವಿನ ದಳದಂತೆ ಹರಡಿರುತ್ತವೆ. ಈ ದಳಗಳ ಜೋಡಣೆ ಪ್ರಭೇದದಿಂದ ಪ್ರಭೇದಕ್ಕೆ ಬೇರೆಯಾಗುವುದರಿಂದ ಬರೆದಿಟ್ಟುಕೊಳ್ಳಲೇಬೇಕು.

ಆದರೆ ತೊಂದರೆ ಇರುವುದು ಇಲ್ಲೇ. ಇದೇ ಹೊರರೂಪ ಬೇರೆ ಎಷ್ಟೋ ಕುಲಗಳಿಗೂ ಇದೆ. ನಾನು ಹೊಸಬನಾಗಿದ್ದಾಗ ಗುಜರಾತಿನ ಕಛ್‌ನಿಂದ ತಂದ ಒಂದು ಚೀಲದ ಮಾದರಿಗಳನ್ನು ಹೊರಗಿನ ಗುಳ್ಳೆ, ಉಬ್ಬು ನೋಡಿಯೇ ಮೂರು ಗುಂಪು ಮಾಡಿ, ಮೂರು ಹೆಸರಿನ ಚೀಟಿ ಬರೆದು, ಡಬ್ಬಿಗೆ ಹಾಕಿಟ್ಟೆ. ವರ್ಷದ ನಂತರ ಅವನ್ನು ಕೊಯ್ದು ನೋಡಿದರೆ ಎರಡು ಗುಂಪು ಒಂದೇ ಪ್ರಭೇದ. ಮೂರನೆಯದು ಡಿಸ್ಕೊಸೈಕ್ಲಿನಾನೇ ಅಲ್ಲ! ಆ ಚೀಟಿಗಳನ್ನು ನಂಬಿ ಇನ್ನೊಬ್ಬ ವಿದ್ಯಾರ್ಥಿ ಪಟ್ಟಿ ತಯಾರಿಸಿದ್ದ. ಅವನ ಮುಂದೆ ಕೂತು ತಪ್ಪು ಒಪ್ಪಿಕೊಂಡ ದಿನ ನನಗೆ ಮರೆತಿಲ್ಲ. ಆವತ್ತಿನಿಂದ, ಕೊಯ್ಯದ ಮಾದರಿಗೆ ನಾನು ಪ್ರಭೇದದ ಹೆಸರು ಬರೆದಿಲ್ಲ.

ಎಲ್ಲಿ ಕೊಯ್ಯಬೇಕು? ಹೇಗೆ ಕೊಯ್ಯಬೇಕು?

ಎರಡು ಛೇದ ಬೇಕು. ಒಂದು, ಬಿಲ್ಲೆಯನ್ನು ಅಡ್ಡಲಾಗಿ ಎರಡು ತಟ್ಟೆ ಮಾಡಿದಂತೆ ನಡುಪದರದಲ್ಲೇ ಹೋಗುವ ಸಮಭಾಜಕ ಛೇದ. ಇನ್ನೊಂದು, ಉಬ್ಬಿನ ನಟ್ಟನಡುವೆ ಮೇಲಿನಿಂದ ಕೆಳಕ್ಕೆ ಇಳಿಯುವ ಲಂಬ ಛೇದ. ಎರಡೂ ಚಿಪ್ಪಿನ ಹುಟ್ಟುಕೋಣೆಯ, ಅಂದರೆ ನಟ್ಟನಡುವೆ ಮೊದಲು ಕಟ್ಟಿದ ಕೋಣೆಯ, ಮೂಲಕ ಹಾದುಹೋಗಬೇಕು. ಹುಟ್ಟುಕೋಣೆ ತಪ್ಪಿದ ಛೇದ ಅರ್ಧ ಸಾಕ್ಷಿ ಮಾತ್ರ.

ಬಿಡಿ ಚಿಪ್ಪನ್ನು ಕೊಯ್ಯುವುದೆಂದರೆ ಉಜ್ಜಿ ಸವೆಸುವುದೇ. ಕೈಕೆಲಸ ಹೀಗಿದೆ. ಗಾಜಿನ ಹಲಗೆಯ ಮೇಲೆ ಕಾರ್ಬೊರಂಡಮ್ ಪುಡಿ ಚಿಟಿಕೆಯಷ್ಟು ಹಾಕಿ, ನಾಲ್ಕು ಹನಿ ನೀರು ಬಿಡಿ. ಚಿಪ್ಪನ್ನು ತೋರುಬೆರಳಿನ ತುದಿಯಡಿ ಒತ್ತಿ ಸಣ್ಣ ಸಣ್ಣ ವೃತ್ತ ಬರೆದಂತೆ ಉಜ್ಜಿ. ದೊಡ್ಡ ಪುಡಿಯಿಂದ ಶುರು ಮಾಡಿ, ಉಬ್ಬು ಸವೆದ ಕೂಡಲೇ ಸಣ್ಣ ಪುಡಿಗೆ ಬನ್ನಿ. ಇಲ್ಲಿಂದ ಮುಂದೆ ಆತುರ ಬೇಡ. ಹತ್ತು ಸುತ್ತು ಉಜ್ಜಿ, ತೊಳೆದು, ಮೈಕ್ರೊಸ್ಕೋಪಿನಲ್ಲಿ ನೋಡಿ. ಮತ್ತೆ ಐದು ಸುತ್ತು, ಮತ್ತೆ ನೋಡಿ. ಮೊದಲು ನಡುಪದರದ ಮೇಲಿರುವ ಅಂಕುಡೊಂಕಾದ ಪಕ್ಕದ ಕೋಣೆಗಳು ಕಾಣುತ್ತವೆ. ನಂತರ ಅಲ್ಲಲ್ಲಿ ವೃತ್ತದ ತುಂಡುಗಳು. ಆಮೇಲೆ ಒಂದು ಗಳಿಗೆಯಲ್ಲಿ, ನೀರಿನ ತೆಳು ಪೊರೆಯ ಕೆಳಗೆ, ಎರಡು ಉಂಗುರ ಒಂದರ ಮಡಿಲಲ್ಲಿ ಒಂದು ಕೂತಂತೆ ಹುಟ್ಟುಕೋಣೆ ಕಣ್ಣಿಗೆ ಬೀಳುತ್ತದೆ. ಅಲ್ಲಿಗೆ ಕೈ ನಿಲ್ಲಿಸಬೇಕು. ಇನ್ನು ಮೂರು ಸುತ್ತು ಹೆಚ್ಚು ಉಜ್ಜಿದರೆ ಅದು ಹೋಯಿತೆಂದೇ ಲೆಕ್ಕ, ಮತ್ತೆ ಬರುವುದಿಲ್ಲ. ಕಳೆದ ಮಳೆಗಾಲದಲ್ಲಿ ಬೆಳಗಾವಿಯ ಹುಡುಗಿಯೊಬ್ಬಳು ಉಂಗುರ ಕಂಡ ಖುಷಿಗೆ “ಇನ್ನೂ ಚೊಲೋ ಕಾಣಲಿ” ಅಂತ ಎರಡು ಸುತ್ತು ಉಜ್ಜಿ, ಅಳುಮೋರೆ ಮಾಡಿಕೊಂಡು ಕೂತಳು. ನಾವೆಲ್ಲ ಹಾಗೇ ಕಲಿತವರು.

ಬಾಗಿದ ಹಪ್ಪಳದಂಥ ಚಿಪ್ಪಾದರೆ ನಡುಪದರ ಪೂರ್ತಿ ಒಂದೇ ಮಟ್ಟದಲ್ಲಿ ಸಿಗುವುದಿಲ್ಲ. ಚಿಂತೆ ಬೇಡ, ಹುಟ್ಟುಕೋಣೆ ಮತ್ತು ಅದರ ಸುತ್ತಲಿನ ಕಿರುಕೋಣೆಗಳ ಕೆಲವು ಬಳೆಗಳು ಸಿಕ್ಕರೆ ಅಳತೆಗೆ ಸಾಕು.

ಗಟ್ಟಿ ಸುಣ್ಣಕಲ್ಲಿನಲ್ಲಿ ಸಿಕ್ಕಿಕೊಂಡ ಚಿಪ್ಪುಗಳನ್ನು ಬಿಡಿಸಲು ಬರುವುದಿಲ್ಲ. ಆಗ ಕಲ್ಲನ್ನೇ ಕೊಯ್ದು ತೆಳುಛೇದ ಮಾಡಿ, ಅದೃಷ್ಟಕ್ಕೆ ಯಾವ ಛೇದ ಸಿಗುತ್ತದೋ ಅದರಲ್ಲೇ ಓದಬೇಕು. ಅಂಥಲ್ಲಿ ಕುಲದವರೆಗೆ ಹೋಗಿ ನಿಲ್ಲುವುದೇ ಪ್ರಾಮಾಣಿಕ ಕೆಲಸ.

ಸಮಭಾಜಕ ಛೇದದಲ್ಲಿ ಏನೇನು ನೋಡಬೇಕು?

ಇಡೀ ವರ್ಗೀಕರಣದ ಜೀವ ಇರುವುದು ಇಲ್ಲಿ.

ನಟ್ಟನಡುವೆ ಎರಡು ಕೋಣೆಗಳ ಭ್ರೂಣಭಾಗ. ಮೇಲೆ ಹುಟ್ಟುಕೋಣೆ ಅಂದದ್ದು ಇದನ್ನೇ. ಮೊದಲನೆಯದು ದುಂಡಗಿನ ಪುಟ್ಟ ಪ್ರೋಟೊಕಾಂಕ್, ಎರಡನೆಯದು ಅದನ್ನು ಅಪ್ಪಿಕೊಂಡ ಡ್ಯೂಟೆರೊಕಾಂಕ್. ಈ ಅಪ್ಪುಗೆ ಎಷ್ಟು ಎಂಬುದೇ ಮುಖ್ಯ. ಕೆಲವದರಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಗಾತ್ರ, ಅಕ್ಕಪಕ್ಕ ನಿಂತಿರುತ್ತವೆ. ಕೆಲವದರಲ್ಲಿ ಎರಡನೆಯದು ಮೂತ್ರಪಿಂಡದ ಆಕಾರದಲ್ಲಿ ಮೊದಲನೆಯದನ್ನು ಅರ್ಧ ಬಳಸಿರುತ್ತದೆ. ಇನ್ನು ಕೆಲವದರಲ್ಲಿ ಬಟ್ಟಲೊಳಗೆ ನಿಂಬೆಹಣ್ಣು ಇಟ್ಟಂತೆ ಬಹುಪಾಲು ನುಂಗಿಬಿಟ್ಟಿರುತ್ತದೆ.

ಭ್ರೂಣಭಾಗದ ಸುತ್ತ ಮೊದಲ ಸಾಲಿನ ಸಹಾಯಕ ಕಿರುಕೋಣೆಗಳು. ಇವುಗಳ ಸಂಖ್ಯೆ ಎಣಿಸಿ, ಅಗಲ ಎತ್ತರ ಅಳೆಯಿರಿ.

ಅಲ್ಲಿಂದಾಚೆಗೆ ಬಳೆಯ ಹೊರಗೆ ಬಳೆ. ತುಳಸಿಕಟ್ಟೆಯ ಸುತ್ತ ಇಟ್ಟಿಗೆ ಹಾಸಿದ್ದನ್ನು ಮೇಲಿನಿಂದ ನೋಡಿದ ಹಾಗೆ: ಪ್ರತಿ ಬಳೆಯೂ ಅಡ್ಡಗೋಡೆಗಳಿಂದ ಆಯತಾಕಾರದ ಕಿರುಕೋಣೆಗಳಾಗಿ ಒಡೆದಿರುತ್ತದೆ, ಮತ್ತು ಒಂದು ಬಳೆಯ ಅಡ್ಡಗೋಡೆ ಮುಂದಿನ ಬಳೆಯ ಅಡ್ಡಗೋಡೆಗೆ ಸಾಮಾನ್ಯವಾಗಿ ನೇರಕ್ಕೆ ಬರುವುದಿಲ್ಲ, ಗಾರೆಯವರು ಸಂದು ತಪ್ಪಿಸಿ ಇಟ್ಟಿಗೆ ಇಡುವಂತೆ ಅದಲುಬದಲಾಗಿ ಬರುತ್ತದೆ. ಒಂದೇ ಬಳೆಯ ಅಕ್ಕಪಕ್ಕದ ಕೋಣೆಗಳನ್ನು ಜೋಡಿಸುವ ಸಣ್ಣ ಕಾಲುವೆ ಇರುತ್ತದೆ. ಅದಕ್ಕೆ ಸ್ಟೋಲನ್ ಅನ್ನುತ್ತಾರೆ. ಈ ಕಾಲುವೆ ಇದ್ದರೆ ಡಿಸ್ಕೊಸೈಕ್ಲಿನಾ. ಉಳಿದೆಲ್ಲ ಹೋಲಿಕೆ ಇದ್ದೂ ಬಳೆಯ ಕಾಲುವೆ ಇಲ್ಲದಿದ್ದರೆ ಅದು ನೆಮ್ಕೊವೆಲ್ಲಾ ಎಂಬ ಬೇರೆ ಕುಲ. ಕಿರುಕೋಣೆಗಳು ಆಯತವಾಗಿರದೆ ಕಮಾನಿನಂತೆ, ಷಟ್ಕೋನದಂತೆ ಬಾಗಿದ್ದರೆ ಆರ್ಬಿಟೊಕ್ಲೈಪಿಯಸ್ ಎಂಬ ಕುಲದ ಕಡೆ ನೋಡಿ.

ಲಂಬ ಛೇದ ಯಾಕೆ ಬೇಕು?

ಪುಣೆಯವರಿಗೆ ಖಾರಿ ಬಿಸ್ಕಿಟ್ ಅಂದರೆ ಸಾಕು, ಅರ್ಥವಾಗುತ್ತದೆ. ಅದನ್ನು ಮುರಿದಾಗ ಪದರದ ಮೇಲೆ ಪದರ ಕಾಣುವುದಿಲ್ಲವೇ, ಹಾಗೆ ನಡುಪದರದ ಮೇಲೂ ಕೆಳಗೂ ಚಪ್ಪಟೆಯಾದ ಪಕ್ಕದ ಕಿರುಕೋಣೆಗಳು ಅಂತಸ್ತಿನ ಮೇಲೆ ಅಂತಸ್ತಾಗಿ ಕೂತಿರುತ್ತವೆ. ನಡುವೆ ಅಲ್ಲಲ್ಲಿ ಕಂಬಗಳು ಮೇಲ್ಮೈವರೆಗೆ ಏರುತ್ತವೆ. ನೀವು ಹೊರಗಿನಿಂದ ನೋಡಿದ ಗುಳ್ಳೆಗಳು ಇವುಗಳ ತುದಿಯೇ. ನಡುಪದರ ಅಂಚಿನ ಕಡೆ ದಪ್ಪವಾಗುತ್ತದೆಯೋ, ಪಕ್ಕದ ಅಂತಸ್ತುಗಳೆಷ್ಟು, ಕಂಬಗಳು ಎಷ್ಟು ದಪ್ಪ ಎಂಬುದನ್ನೆಲ್ಲ ಇಲ್ಲೇ ಬರೆದುಕೊಳ್ಳಬೇಕು.

ನಮ್ಮ್ಯುಲೈಟಿಸ್, ಅಸಿಲಿನಾ ಜೊತೆ ಗೊಂದಲವಾಗುವುದಿಲ್ಲವೇ?

ಕೊಯ್ದ ಮೇಲೆ ಆಗುವುದಿಲ್ಲ. ಅವೂ ಬಿಲ್ಲೆಯಂಥ ಫೊರಾಮಿನಿಫೆರಾಗಳೇ, ಆದರೆ ಅವೆರಡರಲ್ಲೂ ಕೋಣೆಗಳು ಸುರುಳಿಯಾಗಿ, ಚಕ್ಕುಲಿಯಂತೆ ಸುತ್ತುತ್ತವೆ. ಡಿಸ್ಕೊಸೈಕ್ಲಿನಾದಲ್ಲಿ ಮುಚ್ಚಿದ ಬಳೆಗಳು.

ನಕ್ಷತ್ರದ ಆಕಾರದ್ದು ಸಿಕ್ಕಿದೆ. ಇದೂ ಡಿಸ್ಕೊಸೈಕ್ಲಿನಾನೇ?

ಒಳಗೆ ನೋಡದೆ ಹೇಳಲಾಗದು. ಮೈಮೇಲೆ ಏಣುಗಳು ಎರಡು ಕಾರಣಕ್ಕೆ ಬರುತ್ತವೆ. ನಡುಪದರದ ಕಿರುಕೋಣೆಗಳೇ ಕೆಲವು ದಿಕ್ಕುಗಳಲ್ಲಿ ಹೆಚ್ಚಿ ಕಿರಣಗಳಾಗಿ ಚಾಚಿದ್ದರೆ ಅದು ಆಸ್ಟೆರೊಸೈಕ್ಲಿನಾ. ನಡುಪದರ ದುಂಡಗೇ ಇದ್ದು, ಪಕ್ಕದ ಪದರಗಳು ಮಾತ್ರ ಅಲ್ಲಲ್ಲಿ ದಪ್ಪಗಾಗಿ ಏಣು ಎದ್ದಿದ್ದರೆ ಅದು ಏಣುಗಳುಳ್ಳ ಡಿಸ್ಕೊಸೈಕ್ಲಿನಾ. ಇಂಥವನ್ನು ಹಿಂದೆ ಆ್ಯಕ್ಟಿನೊಸೈಕ್ಲಿನಾ ಎಂಬ ಬೇರೆ ಕುಲ ಮಾಡಿದ್ದರು. ಹೊರಗಿನ ಒಂದೇ ನಕ್ಷತ್ರಕ್ಕೆ ಒಳಗೆ ಎರಡು ಕತೆ ಇರುವ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಒಂದೇ ಕಲ್ಲಿನಲ್ಲಿ ಸಣ್ಣವು ನೂರಾರು, ದೊಡ್ಡವು ಎರಡೋ ಮೂರೋ. ಬೇರೆ ಬೇರೆ ಪ್ರಭೇದವೇ?

ಬಹಳ ಸಲ ಒಂದೇ ಪ್ರಭೇದದ ಎರಡು ತಲೆಮಾರು. ಈ ಜೀವಿಗಳಲ್ಲಿ ಲೈಂಗಿಕ ಮತ್ತು ನಿರ್ಲಿಂಗ ಸಂತಾನೋತ್ಪತ್ತಿ ಸರದಿಯಲ್ಲಿ ನಡೆಯುತ್ತದೆ. ನಿರ್ಲಿಂಗವಾಗಿ ಹುಟ್ಟಿದ್ದಕ್ಕೆ ಹುಟ್ಟುಕೋಣೆ ದೊಡ್ಡದು, ಚಿಪ್ಪು ಸಣ್ಣದು. ಇದನ್ನು ‘ಎ’ ರೂಪ ಅನ್ನುತ್ತೇವೆ. ಲೈಂಗಿಕವಾಗಿ ಹುಟ್ಟಿದ್ದಕ್ಕೆ ಹುಟ್ಟುಕೋಣೆ ಕಣ್ಣಿಗೇ ಬೀಳದಷ್ಟು ಚಿಕ್ಕದು, ಅದರ ಸುತ್ತ ಮೊದಲ ಕೋಣೆಗಳು ಸುರುಳಿಯಾಗಿರುತ್ತವೆ, ಚಿಪ್ಪು ಮಾತ್ರ ದೊಡ್ಡದಾಗಿ ಬೆಳೆಯುತ್ತದೆ. ಇದು ‘ಬಿ’ ರೂಪ, ಸಿಗುವುದು ಅಪರೂಪ. ಹಳೆಯ ಕಾಲದಲ್ಲಿ ದೊಡ್ಡ ಫೊರಾಮಿನಿಫೆರಾಗಳ ಈ ಎರಡು ರೂಪಗಳಿಗೆ ಎರಡು ಹೆಸರು ಕೊಟ್ಟುಬಿಟ್ಟದ್ದು ಬಹಳ. ಪ್ರಭೇದದ ಅಳತೆಗಳೆಲ್ಲ ‘ಎ’ ರೂಪದ ಮೇಲೆ ನಿಂತಿವೆ, ಆದ್ದರಿಂದ ದೊಡ್ಡ ಚಿಪ್ಪು ಸಿಕ್ಕಿತೆಂದು ಸಣ್ಣವನ್ನು ಬಿಸಾಡಬೇಡಿ.

ಪ್ರಭೇದ ಹೇಳಲು ಯಾವ ಅಳತೆ ಬೇಕು?

ಪ್ರೋಟೊಕಾಂಕ್ ಮತ್ತು ಡ್ಯೂಟೆರೊಕಾಂಕ್‌ಗಳ ಅಡ್ಡ ವ್ಯಾಸ ಮೈಕ್ರಾನಿನಲ್ಲಿ (ಮಿಲಿಮೀಟರಿನ ಸಾವಿರದ ಒಂದು ಪಾಲು), ಸಹಾಯಕ ಕಿರುಕೋಣೆಗಳ ಸಂಖ್ಯೆ ಮತ್ತು ಗಾತ್ರ, ಡ್ಯೂಟೆರೊಕಾಂಕ್ ಅಂಚಿನಿಂದ 0.5 ಮಿಲಿಮೀಟರ್ ದೂರದೊಳಗೆ ಎಷ್ಟು ಬಳೆಗಳಿವೆ, ಹೊರಬಳೆಗಳ ಕಿರುಕೋಣೆಯ ಅಗಲ ಎತ್ತರ. ಇವು ಮೂಲ ಅಳತೆಗಳು. 1987ರಲ್ಲಿ ಹಂಗೇರಿಯ ಗ್ಯೋರ್ಗಿ ಲೆಸ್ ಈ ಬಳಗದ ವರ್ಗೀಕರಣವನ್ನು ಇಂಥ ಅಳತೆಗಳ ಮೇಲೆ ಗಟ್ಟಿಯಾಗಿ ನಿಲ್ಲಿಸಿದರು.

ಒಂದು ಚಿಪ್ಪಿನ ಅಳತೆ ಏನನ್ನೂ ಹೇಳುವುದಿಲ್ಲ. ಒಂದೇ ಪದರದಿಂದ ಸಿಕ್ಕಷ್ಟು ಚಿಪ್ಪು ಕೊಯ್ದು ಸರಾಸರಿ ತೆಗೆಯಬೇಕು. ಯಾಕೆಂದರೆ ಹಲವು ವಂಶಗಳಲ್ಲಿ ಕಾಲ ಸರಿದಂತೆ ಡ್ಯೂಟೆರೊಕಾಂಕ್ ದೊಡ್ಡದಾಗುತ್ತ ಹೋಗಿದೆ. ಡಿಸ್ಕೊಸೈಕ್ಲಿನಾ ಡಿಸ್ಪಾನ್ಸಾ ವಂಶದಲ್ಲಿ ಉಪಪ್ರಭೇದಗಳ ಗಡಿ ಹಾಕಿರುವುದೇ ಈ ಸರಾಸರಿಯ ಮೇಲೆ. ಆದ್ದರಿಂದ ಸರಿಯಾಗಿ ಅಳೆದವನಿಗೆ ಹೆಸರಿನ ಜೊತೆಗೆ ಕಲ್ಲಿನ ವಯಸ್ಸೂ ಸಿಗುತ್ತದೆ. ಬೇಸರದ ಕೆಲಸ ಅಂತ ಹುಡುಗರು ಮೂಗು ಮುರಿಯುತ್ತಾರೆ. ನನಗೆ ಮಾತ್ರ ಹೀಗೆ ಅಳೆಯುತ್ತ ಕೂರುವುದಕ್ಕಿಂತ ಪ್ರೀತಿಯ ಕೆಲಸ ಬೇರೆ ಇಲ್ಲ.

ಹಳೆಯ ಪುಸ್ತಕಗಳಲ್ಲಿ ಲೈಕೊಫ್ರಿಸ್, ಆರ್ಬಿಟಾಯ್ಡಿಸ್, ಆರ್ಥೊಫ್ರಾಗ್ಮಿನಾ ಅಂತೆಲ್ಲ ಇದೆಯಲ್ಲ?

ಇದರಲ್ಲಿ ನಮ್ಮ ನೆಲದ ಕತೆ ಇದೆ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗ್ರ್ಯಾಂಟ್ ಎಂಬ ಅಧಿಕಾರಿ ಕಛ್‌ನ ಭೂವೈಜ್ಞಾನಿಕ ನಕ್ಷೆ ಮಾಡಿ ಅಲ್ಲಿಂದ ಪಳೆಯುಳಿಕೆಗಳನ್ನು ಕಳಿಸಿದ. ಅವನ್ನು ಪರೀಕ್ಷಿಸಿದ ಸವರ್ಬಿ 1840ರಲ್ಲಿ ಒಂದು ಬಿಲ್ಲೆಗೆ ಲೈಕೊಫ್ರಿಸ್ ಡಿಸ್ಪಾನ್ಸಸ್ ಎಂದು ಹೆಸರಿಟ್ಟ. ಇವತ್ತು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಡಿಸ್ಕೊಸೈಕ್ಲಿನಾ ಡಿಸ್ಪಾನ್ಸಾ ಅದೇ. ಯುರೋಪಿನಲ್ಲಿ ಕೂತು ಯಾರೇ ಈ ಹೆಸರು ಬರೆದರೂ ಅದರ ತವರು ಕಛ್.

ಮುಂದೆ ಬಹಳ ಕಾಲ ಇಂಥ ಬಿಲ್ಲೆಗಳನ್ನೆಲ್ಲ ಆರ್ಬಿಟಾಯ್ಡಿಸ್ ಎಂಬ ಒಂದೇ ಬುಟ್ಟಿಗೆ ಹಾಕುತ್ತಿದ್ದರು. ನಿಜವಾದ ಆರ್ಬಿಟಾಯ್ಡಿಸ್ ಕ್ರಿಟೇಶಿಯಸ್ ಯುಗದ ಕೊನೆಯದು, ಡೈನೋಸಾರುಗಳ ಕಾಲದ್ದು. ಗ್ಯುಂಬೆಲ್ 1870ರಲ್ಲಿ ಡಿಸ್ಕೊಸೈಕ್ಲಿನಾ ಹೆಸರು ಕೊಟ್ಟ. 1891ರಲ್ಲಿ ಮ್ಯುನಿಯೆ-ಶಾಲ್ಮಾ, ನೇರ ಗೋಡೆಗಳ ಗುರುತಿನಿಂದ ಆರ್ಥೊಫ್ರಾಗ್ಮಿನಾ ಎಂದ. ಹಳೆಯ ಹೆಸರಿಗೇ ಹಕ್ಕು ಎಂಬ ನಿಯಮದಂತೆ ಗ್ಯುಂಬೆಲ್‌ನ ಹೆಸರು ಉಳಿಯಿತು. ಆರ್ಥೊಫ್ರಾಗ್ಮೈನ್ ಎಂಬುದು ಇಡೀ ಬಳಗದ ರೂಢಿಯ ಹೆಸರಾಯಿತು. 1926ರಲ್ಲಿ ನಟಾಲ್ ಪಶ್ಚಿಮ ಭಾರತದ ಇಯೊಸೀನ್ ಪದರಗಳ ಮೇಲೆ ಬರೆಯುತ್ತ ಸವರ್ಬಿಯ ನೆನಪಿಗೆ ಡಿಸ್ಕೊಸೈಕ್ಲಿನಾ ಸವರ್ಬೈ ಎಂದು ಹೆಸರಿಸಿದ. 1960ರ ದಶಕದಲ್ಲಿ ಬಿ. ಕೆ. ಸಮಂತಾ ಅಸ್ಸಾಂ ಕಡೆಯ ಡಿಸ್ಕೊಸೈಕ್ಲಿನಾಗಳನ್ನು ಒಳರಚನೆ ಸಮೇತ ವಿವರಿಸಿದರು.

ಪುಣೆಯ ಸುತ್ತಮುತ್ತ ಸಿಗುತ್ತದೆಯೇ? ಸಿಂಹಗಡದಲ್ಲಿ ಹುಡುಕಲೇ?

ಸಿಗುವುದಿಲ್ಲ. ಇಲ್ಲಿಯ ಕರಿಕಲ್ಲು ಲಾವಾರಸ ಹೆಪ್ಪುಗಟ್ಟಿದ್ದು, ಸುಮಾರು 6.6 ಕೋಟಿ ವರ್ಷ ಹಳೆಯದು. ಅಂದರೆ ಡಿಸ್ಕೊಸೈಕ್ಲಿನಾ ಹುಟ್ಟುವ ಮೊದಲೇ ಪುಣೆಯ ಬೆಟ್ಟಗಳ ಕಲ್ಲು ತಣ್ಣಗಾಗಿತ್ತು. ಕಛ್‌ನಲ್ಲಿ ಇದೇ ದಖ್ಖನ್ ಲಾವಾದ ಮೇಲೆ ಸಮುದ್ರದ ಪದರಗಳು ಕೂತಿವೆ, ಅವುಗಳಲ್ಲಿ ನಮ್ಮ ಬಿಲ್ಲೆಗಳಿವೆ.

ಮುಂಬೈಯ ಹಳೆಯ ಕಟ್ಟಡಗಳ ಕಲ್ಲಿನಲ್ಲಿ ಫೊರಾಮಿನಿಫೆರಾ ಇದೆ ಅಂತಾರಲ್ಲ?

ಇದೆ, ಆದರೆ ಅದು ಬೇರೆ. ಫೋರ್ಟ್ ಭಾಗದ ಕಟ್ಟಡಗಳಿಗೆ ಬಳಸಿದ ತಿಳಿಬಣ್ಣದ ಪೋರಬಂದರ್ ಕಲ್ಲು ಮಿಲಿಯೊಲೈಟ್ ಸುಣ್ಣಕಲ್ಲು. ಅದರಲ್ಲಿರುವುದು ಮಿಲಿಯೊಲಿಡ್ ಗುಂಪಿನ ಸಣ್ಣ ಚಿಪ್ಪುಗಳು, ವಯಸ್ಸು ಬಹಳ ಕಡಿಮೆ. ಆ ಕಲ್ಲಿಗೆ ಹೆಸರಿಟ್ಟ ಎಚ್. ಜೆ. ಕಾರ್ಟರ್ ಮುಂಬೈಯಲ್ಲಿ ವೈದ್ಯನಾಗಿದ್ದವನು. 1849ರಲ್ಲಿ ಇದರ ಬಗ್ಗೆ ಬರೆದ. ಆಸ್ಪತ್ರೆಯ ಕೆಲಸದ ನಡುವೆ ಸಿಂಧ್, ಕಛ್, ಅರೇಬಿಯದ ಫೊರಾಮಿನಿಫೆರಾಗಳನ್ನು ಕೊಯ್ದು ನೋಡಿದ ಅವನ ಶ್ರದ್ಧೆ ನೆನೆದರೆ ಗೌರವ ಉಕ್ಕುತ್ತದೆ.

ಡಿಸ್ಕೊಸೈಕ್ಲಿನಾಕ್ಕೂ ಮುಂಬೈಗೂ ನಂಟಿದೆ, ಆದರೆ ಅದು ಸಮುದ್ರದ ಕೆಳಗೆ. ಮುಂಬೈ ಕರಾವಳಿಯಾಚೆಯ ಬಸೀನ್ ಸುಣ್ಣಕಲ್ಲು ಇಯೊಸೀನ್ ಕಾಲದ್ದು. ಬಾವಿ ಕೊರೆಯುವಾಗ ಮೇಲೆ ಬರುವ ಕಲ್ಲಿನ ಚೂರುಗಳಲ್ಲಿ ಇವುಗಳ ತುಂಡು ಕಂಡರೆ, ಕೊರೆತ ಇಯೊಸೀನ್ ಪದರ ಮುಟ್ಟಿತೆಂದು ತಿಳಿಯಬಹುದು. ತೈಲ, ಅನಿಲ ಹುಡುಕುವವರಿಗೆ ಈ ಗುರುತು ಬೆಲೆಬಾಳುತ್ತದೆ.

ನೋಡಬೇಕೆಂದರೆ ಎಲ್ಲಿಗೆ ಹೋಗಬೇಕು?

ಪಶ್ಚಿಮ ಕಛ್‌ನ ಲಖ್‌ಪತ್ ಕಡೆಗೆ. ಹರುಡಿ ಪದರಗಳ ಮೇಲೆ ಫುಲ್ರಾ ಸುಣ್ಣಕಲ್ಲು ಕೂತಿದೆ, ಬಿಳಿ ಕೆನೆಬಣ್ಣದ್ದು. ಅದರಲ್ಲಿ ಡಿಸ್ಕೊಸೈಕ್ಲಿನಾ ಧಾರಾಳ. ಮಳೆ ತೊಳೆದ ಇಳಿಜಾರಿನಲ್ಲಿ ಬಿಡಿಯಾಗಿ ಬಿದ್ದಿದ್ದನ್ನೇ ಆರಿಸಿಕೊಳ್ಳಿ, ಬಂಡೆಗೆ ಸುತ್ತಿಗೆ ಹಾಕುವ ಅಗತ್ಯವಿಲ್ಲ. ಆ ಭಾಗದಲ್ಲಿ ನಾರಾಯಣ ಸರೋವರ ಅಭಯಾರಣ್ಯ ಇದೆ. ಅನುಮತಿ ಇಲ್ಲದೆ ಒಳಗೆ ಕಾಲಿಡಬೇಡಿ. ಚೀಲದ ಮೇಲೆ ಪದರ, ಎತ್ತರ, ದಿನಾಂಕ ಅಲ್ಲೇ ಬರೆಯಿರಿ, ಕೋಣೆಗೆ ಬಂದು ಬರೆಯುತ್ತೇನೆ ಅನ್ನಬೇಡಿ. ಊರಿಗೆ ಬರುವಷ್ಟರಲ್ಲಿ ಎಲ್ಲ ಚೀಲವೂ ಒಂದೇ ಥರ ಕಾಣುತ್ತವೆ.

ಇದರ ಸಂತತಿ ಇವತ್ತು ಎಲ್ಲಾದರೂ ಬದುಕಿದೆಯೇ? ಗೋವಾದ ಮರಳಿನಲ್ಲಿ ಸಿಕ್ಕೀತೇ?

ಇಲ್ಲ. ಗೋವಾದ ಮರಳಿನಲ್ಲಿ ಇಂದಿನ ಫೊರಾಮಿನಿಫೆರಾಗಳು ಸಿಗುತ್ತವೆ. ದೋನಾ ಪಾವ್ಲಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯಲ್ಲಿ ಅವುಗಳ ಮೇಲೆ ಬಹಳ ಕೆಲಸ ನಡೆದಿದೆ. ಆದರೆ ಡಿಸ್ಕೊಸೈಕ್ಲಿನಾ ವಂಶ ಇಯೊಸೀನ್ ಕೊನೆಗೆ, ಭೂಮಿ ತಣ್ಣಗಾಗಿ ಅಂಟಾರ್ಕ್ಟಿಕಾದ ಮೇಲೆ ಹಿಮ ಕಟ್ಟತೊಡಗಿದ ಕಾಲಕ್ಕೆ, ಮುಗಿದುಹೋಯಿತು.

ಹೋಲಿಕೆ ಮಾತ್ರ ಇಂದಿಗೂ ಇದೆ. ಹಿಂದೂ ಮಹಾಸಾಗರ, ಪೆಸಿಫಿಕ್‌ಗಳ ಆಳದ ಹವಳ ಪ್ರದೇಶದಲ್ಲಿ ಬದುಕಿರುವ ಸೈಕ್ಲೊಕ್ಲೈಪಿಯಸ್ ಕೂಡ ಬಳೆ ಬಳೆಯಾಗಿ, ಆಯತಾಕಾರದ ಕಿರುಕೋಣೆಗಳನ್ನು ಕಟ್ಟುತ್ತದೆ. ಅದು ನಮ್ಮ್ಯುಲೈಟಿಸ್ ಸಂಬಂಧಿ. ಪಕ್ಕದ ಕಿರುಕೋಣೆಗಳ ಅಂತಸ್ತು ಅದಕ್ಕಿಲ್ಲ. ಮೈಯೊಳಗೆ ಪಾಚಿ ಸಾಕಿಕೊಂಡು ಮಂದ ಬೆಳಕಿನಲ್ಲಿ ಬದುಕುವವಕ್ಕೆ ಅಗಲವಾದ ತೆಳ್ಳನೆಯ ಮೈ ಅನುಕೂಲ. ಡಿಸ್ಕೊಸೈಕ್ಲಿನಾದ ತೀರ ಚಪ್ಪಟೆ ರೂಪಗಳು ಹೆಚ್ಚು ಆಳದ ಪದರಗಳಲ್ಲಿ ಸಿಗುವುದಕ್ಕೂ ಇದೇ ವಿವರಣೆ ಕೊಡುತ್ತಾರೆ.

ಮೊಬೈಲಿನಲ್ಲಿ ಫೋಟೊ ಕಳಿಸಿದರೆ ಹೆಸರು ಹೇಳುತ್ತೀರಾ?

ಛೇದದ ಫೋಟೊ, ಅಳತೆಪಟ್ಟಿ ಸಮೇತ ಕಳಿಸಿದರೆ ಖಂಡಿತ ನೋಡುತ್ತೇನೆ. ಅಂಗೈ ಮೇಲೆ ಇಟ್ಟ ಬಿಲ್ಲೆಯ ಫೋಟೊಕ್ಕೆ ಹೆಸರು ಹೇಳುವುದಿಲ್ಲ.

“ಸರ್, ನನ್ನ ಹತ್ರ ಇರೋದು ಒಂದೇ ಚಿಪ್ಪು. ಕೊಯ್ಯಲೇನ್ರೀ?”

ಮೊದಲು ಎರಡೂ ಮೈ, ಅಂಚು ಎಲ್ಲದರ ಚಿತ್ರ ತೆಗೆದು, ವ್ಯಾಸ ದಪ್ಪ ಬರೆದಿಡು. ಅದೇ ಪದರಕ್ಕೆ ಮತ್ತೊಮ್ಮೆ ಹೋಗಲು ಸಾಧ್ಯವಿದ್ದರೆ ಹೋಗಿ ಇನ್ನಷ್ಟು ತಾ, ಅಲ್ಲಿಯವರೆಗೆ ಮುಟ್ಟಬೇಡ. ಹೋಗಲು ಸಾಧ್ಯವೇ ಇಲ್ಲವಾದರೆ ಒಂದು ಮೈಯನ್ನು ಮಾತ್ರ ಹುಟ್ಟುಕೋಣೆ ಕಾಣುವವರೆಗೆ ಉಜ್ಜು, ಇನ್ನೊಂದು ಮೈ ಹಾಗೇ ಇರಲಿ. ಆಗ ಅರ್ಧ ಹೊರರೂಪವೂ ಉಳಿಯುತ್ತದೆ, ಒಳಗಿನದೂ ಸಿಗುತ್ತದೆ. ಸಣ್ಣ ಪುಡಿಯಿಂದಲೇ ಶುರು ಮಾಡು. ಭಾನುವಾರ ತಂದರೆ ಜೊತೆಗೆ ಕೂತು ಉಜ್ಜೋಣ.